ಕೊರಳ ಕ್ಯಾಮೆರಾ, ಜೇಬಿನ ಕ್ಯಾಮೆರಾ

ಮದುವೆಯಾದಂದಿನಿಂದ ಕತ್ತು ಬಗ್ಗಿಸಿಕೊಂಡೇ ಸಂಸಾರ ಮಾಡಿದ ಭಾನುಪ್ರಕಾಶನಿಗೆ ಅದರಿಂದ ಒಂದು ದಿನವೂ ಕತ್ತು ನೋವು ಬಂದಿರಲಿಲ್ಲ. ಬಂದದ್ದು ಕ್ಯಾಮೆರಾದಿಂದ. ಇದನ್ನು ನಂಬುವವರು ಮಾತ್ರ ಬೆಂಗಳೂರಿನ ಹತ್ತಿರದ ಅವನ ವಿಜಯಪುರದಲ್ಲಿ ಒಬ್ಬರೂ ಇರಲಿಲ್ಲ. ಅವನು ಗುಮಾಸ್ತನಾಗಿದ್ದ ರೇಷ್ಮೆ ಹುರಿ ಕಾರ್ಖಾನೆಯಲ್ಲಿ ಕೊರಳಿಗೆ ಪಟ್ಟಿ ಕಟ್ಟಿಕೊಂಡು ಕೂತಾಗ ಬಂದವರೆಲ್ಲ, "ಏನ್ ಸಾರ್, ಮನೇಲಿ ಮೇಡಂ ಜೋರಾ?" ಎಂದು ಕೇಳಿ ಮರುಕದಿಂದ ನಕ್ಕು ಹೋಗುತ್ತಿದ್ದರು. ಅವನ ಹೆಂಡತಿ ಮಮತ ಪಾಪ (ಈ ಒಂದು ವಿಷಯದಲ್ಲಿ ಮಾತ್ರ ಪಾಪ) ಏನೂ ಮಾಡಿರಲಿಲ್ಲ.

ಹೋದ ವರ್ಷ ಯುಗಾದಿಯ ಹೊತ್ತಿಗೆ ಅವನಿಗೆ ಛಾಯಾಗ್ರಹಣದ ಹುಚ್ಚು ಹಿಡಿಯಿತು. ಹಿಡಿದ ಹುಚ್ಚನ್ನು ಮೊಬೈಲಿನಲ್ಲಿ ತೀರಿಸಿಕೊಂಡಿದ್ದರೆ ಲೋಕಕ್ಕೇನೂ ತೊಂದರೆಯಿರಲಿಲ್ಲ. "ಮೊಬೈಲ್‌ದು ಫೋಟೋನೇ ಅಲ್ಲ ಕಣೇ, ಬೆಳಿಗ್ಗೆ ಎದ್ದು ಶುಭೋದಯ ಕಳ್ಸೋಕೆ ಸರಿ" ಎಂದು ಸಾರಿ, ಬೆಂಗಳೂರಿಗೆ ಹೋಗಿ ಒಂದು ಎಸ್‌ಎಲ್‌ಆರ್ ಕ್ಯಾಮೆರಾ ತಂದ. ತಂದ ಅನ್ನುವುದಕ್ಕಿಂತ ಹೊತ್ತು ತಂದ ಅನ್ನಬೇಕು. ಕ್ಯಾಮೆರಾ, ಅದಕ್ಕೊಂದು ಮೋಟು ಲೆನ್ಸು, ಒಂದು ಉದ್ದ ಲೆನ್ಸು, ಯಾತಕ್ಕೆಂದು ಅವನಿಗೂ ಗೊತ್ತಿಲ್ಲದ ಇನ್ನೊಂದು ಲೆನ್ಸು, ಮುಕ್ಕಾಲಿ ಸ್ಟ್ಯಾಂಡು, ಇವೆಲ್ಲ ಹಿಡಿಯುವ ಒಂದು ಮಹಾ ಚೀಲ. ಆಟೋದಿಂದ ಅದನ್ನು ಎದೆಗವಚಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಇಳಿದ ಗಂಡನನ್ನು ಬಾಗಿಲಲ್ಲಿ ನಿಂತು ನೋಡಿದ ಮಮತ, "ಆರತಿ ತರ್ಲಾ? ಮಗೂನ ಕರ್ಕೊಂಡು ಬಂದಂಗೆ ಬರ್ತಿದೀರಲ್ರೀ" ಎಂದಳು.

ಮೊದಲ ದಂಡಯಾತ್ರೆ ನಂದಗುಡಿಯ ಕಡೆಗೆ. ಅದು ಮಮತಳ ತವರು. ಹೆಂಡತಿಯನ್ನು ಮಾವನ ಮನೆಯಲ್ಲಿ ಬಿಟ್ಟು, ರಾಗಿ ಹೊಲದ ಮೇಲೆ ಸೂರ್ಯ ಹುಟ್ಟುವುದನ್ನು ಸೆರೆಹಿಡಿಯುತ್ತೇನೆಂದು ಊರಾಚೆ ಬದುವಿನ ಮೇಲೆ ಮುಕ್ಕಾಲಿ ನೆಟ್ಟು, ಒಂದು ಕಣ್ಣು ಮುಚ್ಚಿ ನಿಂತ. ಆ ಸೀಮೆಯಲ್ಲಿ ಮುಕ್ಕಾಲಿ ನೆಟ್ಟು ಒಂದು ಕಣ್ಣು ಮುಚ್ಚಿ ನೋಡುವವರು ಯಾರೆಂದು ಈಗ ಸಣ್ಣ ಮಕ್ಕಳಿಗೂ ಗೊತ್ತು. ಯಾವುದೋ ಪ್ರಾಜೆಕ್ಟಿಗೆ ಜಮೀನು ಅಳೆಯಲು ಬಂದವರು! ಸೂರ್ಯ ಹುಟ್ಟುವ ಮುಂಚೆ ಜನ ಹುಟ್ಟಿದರು. ಒಬ್ಬರು ಪಹಣಿ ತಂದರು, ಒಬ್ಬರು ದೊಣ್ಣೆ ತಂದರು, ಒಬ್ಬರು ಎಳನೀರು ತಂದರು. (ಆ ಎಳನೀರಿನವರ ಜಮೀನು ಎಲ್ಲಿತ್ತೋ, ಅವರಿಗೆ ಏನು ಬೇಕಾಗಿತ್ತೋ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.)

"ನಾನು ಬರೀ ಫೋಟೋ ತೆಗೆಯೋಕೆ ಬಂದಿರೋದ್ರಪ್ಪಾ!" ಎಂದ ಭಾನುಪ್ರಕಾಶ.

"ಹೋದ್ಸಲ ಬಂದೋರೂ ಹಿಂಗೇ ಅಂದ್ರು" ಎಂದರು ದೊಣ್ಣೆಯವರು.

ಕೊನೆಗೆ ಮಾವ ವೆಂಕಟರಮಣಪ್ಪನವರೇ ಮೊಪೆಡ್ಡಿನಲ್ಲಿ ಧಾವಿಸಿ ಬಂದು, "ಇವ್ರು ನಮ್ಮ ಅಳಿಯಂದ್ರು ಕಣ್ರಪ್ಪಾ. ಇವ್ರ ಕೈಲಿ ಏನೂ ಆಗಲ್ಲ, ಬಿಟ್ಬಿಡಿ" ಎಂದು ಜಾಮೀನು ಕೊಟ್ಟು ಬಿಡಿಸಿಕೊಂಡು ಹೋದರು. ಬಿಡಿಸಿದ್ದಕ್ಕೆ ಸಂತೋಷಪಡಬೇಕೋ ಬಿಡಿಸಿದ ರೀತಿಗೆ ದುಃಖಪಡಬೇಕೋ ತಿಳಿಯದೆ ಅಳಿಯ ದಾರಿಯುದ್ದಕ್ಕೂ ಮುಕ್ಕಾಲಿಯನ್ನು ತಬ್ಬಿಕೊಂಡು ಹಿಂದೆ ಕೂತಿದ್ದ.

ಎರಡನೆಯ ದಂಡಯಾತ್ರೆ ಷಡ್ಡಕ ಮುರಳಿಯ ಗೃಹಪ್ರವೇಶ. ಮುರಳಿ ಎಂದರೆ ಮಮತಳ ತಂಗಿ ಶಿಲ್ಪಳ ಗಂಡ. ಹೊಸಕೋಟೆಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಎಲ್ಲರೂ ಬೇಡಬೇಡವೆಂದರೂ ಭಾನುಪ್ರಕಾಶ ಫೋಟೋ ಜವಾಬ್ದಾರಿಯನ್ನು ತಾನೇ ವಹಿಸಿಕೊಂಡಿದ್ದ. ಹೊಸ ಮನೆಗೆ ಹಸು ನುಗ್ಗುವ ಶುಭ ಗಳಿಗೆಯಲ್ಲಿ ಇವನು ಮೋಟು ಲೆನ್ಸು ಬಿಚ್ಚಿ ಉದ್ದ ಲೆನ್ಸು ಹಾಕುತ್ತಿದ್ದ. ಹಾಕಿ ತಲೆಯೆತ್ತುವಷ್ಟರಲ್ಲಿ ಹಸು ಒಳಗೆ ಹೋಗಿ, ಗೋಮಾತೆ ಮಾಡಬೇಕಾದ್ದನ್ನೆಲ್ಲ ಹೊಸ ಟೈಲ್ಸಿನ ಮೇಲೆ ಮಾಡಿ, ಹಿತ್ತಲ ಬಾಗಿಲಿಂದ ಹೊರಟಿತ್ತು. "ಇನ್ನೊಂದ್ಸಲ ಕರ್ಕೊಂಡು ಬನ್ನಿ" ಎಂದು ಇವನು ಕೂಗಿದ್ದಕ್ಕೆ ಪುರೋಹಿತರು ಕಣ್ಣಲ್ಲೇ ಸುಟ್ಟರು. ಆ ದಿನದ ಫೋಟೋಗಳಲ್ಲಿ ಸ್ಪಷ್ಟವಾಗಿ ಬಂದದ್ದು ಹಸುವಿನ ಬಾಲ ಒಂದೇ. ಅಂದಿನಿಂದ ಮುರಳಿ ಸಿಕ್ಕಾಗಲೆಲ್ಲ, "ಅಣ್ಣ, ಬಾಲ ಫ್ರೇಮ್ ಹಾಕ್ಸಿದ್ರಾ?" ಎಂದು ಕುಶಲ ವಿಚಾರಿಸುತ್ತಿದ್ದ. ಕತ್ತು ನೋವು ಶುರುವಾದದ್ದು ಆ ವಾರವೇ. ಮಮತ ಆ ಮಹಾ ಚೀಲವನ್ನು ಕಾರಿನ ಡಿಕ್ಕಿಗೆ ಗಡೀಪಾರು ಮಾಡಿ, ಅದು ಆಕ್ರಮಿಸಿದ್ದ ಜಾಗದಲ್ಲಿ ಅಕ್ಕಿ ಡಬ್ಬವನ್ನು ಮರುಸ್ಥಾಪಿಸಿದಳು. ಬ್ಯಾಟರಿ ಮಾತ್ರ ಷೋಕೇಸಿನಲ್ಲಿ ಗೊಂಬೆಗಳ ನಡುವೆ ಉಳಿಯಿತು.

ಭಾನುಪ್ರಕಾಶ ಆ ದಿನಗಳಲ್ಲಿ ನಿಜವಾಗಿ ಕುಗ್ಗಿಹೋಗಿದ್ದ. ಆಸೆಪಟ್ಟ ಒಂದೇ ಒಂದು ವಿದ್ಯೆಯೂ ಕೈಗೆ ಹತ್ತಲಿಲ್ಲವಲ್ಲ ಎಂದು ಊಟ ಬಿಟ್ಟದ್ದೂ ಉಂಟು. (ರಾತ್ರಿಯದು ಮಾತ್ರ, ಮಧ್ಯಾಹ್ನದ್ದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಗುತ್ತಿತ್ತು.) ಅವನ ಸಂಕಟ ನೋಡಲಾರದೆ ಪಕ್ಕದ ಮೇಜಿನ ವಸಂತ್ ಒಂದು ದಿನ ಡ್ರಾಯರಿನಿಂದ ಬೆಳ್ಳಿ ಬಣ್ಣದ ಪುಟ್ಟ ಕ್ಯಾಮೆರಾವೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಮದುವೆಯ ಹೊಸದರಲ್ಲಿ ಊಟಿಗೆ ಹೋಗಲು ಕೊಂಡದ್ದಂತೆ. ಅಂಗೈಯಲ್ಲಿ ಮುಚ್ಚಿಟ್ಟರೆ ಕಾಣದಷ್ಟು ಚಿಕ್ಕದು.

"ಇದ್ನ ಇಟ್ಕೋ ಗುರು. ಲೆನ್ಸ್ ಬದ್ಲಾಯ್ಸಂಗಿಲ್ಲ, ಅದೇ ಇದರ ದೊಡ್ಡ ಗುಣ" ಎಂದ ವಸಂತ್. "ಇಲ್ಲಿ ಹಸಿರು ಗುರ್ತು ಐತಲ್ಲ, ಅಲ್ಲಿಟ್ಬಿಡು. ಗುಂಡಿ ಅರ್ಧ ಒತ್ತು, ಕೀಂಯ್ ಅಂತದೆ. ಆಮೇಲೆ ಪೂರ್ತಿ ಒತ್ತು. ಮುಗೀತು."

"ಇಷ್ಟೇನಾ?"

"ಇನ್ನೇನ್ ಹೋಮ ಮಾಡ್ಬೇಕಾ?"

ಅಲ್ಲಿಂದ ಭಾನುಪ್ರಕಾಶನ ಬಾಳು ಬದಲಾಯಿತು. ಕ್ಯಾಮೆರಾ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಕೂತಿತು. ಗುಂಡಿ ಒತ್ತಿದರೆ ಝೀ ಎಂದು ಮೂತಿ ಹೊರಗೆ ಬರುವುದು, ಇನ್ನೊಮ್ಮೆ ಒತ್ತಿದರೆ ಝೀ ಎಂದು ಒಳಗೆ ಹೋಗುವುದು. ಇದನ್ನೇ ಮೊದಲ ದಿನ ಅವನು ಫೋಟೋ ತೆಗೆಯದೆ ಎಷ್ಟೋ ಹೊತ್ತು ಮಾಡಿ ಸುಖಪಟ್ಟ. ದೊಡ್ಡದರಲ್ಲಿ ಫೋಟೋ ತೆಗೆಯುವುದೆಂದರೆ ಪರೀಕ್ಷೆಗೆ ಕೂತಂತೆ; ಎಷ್ಟು ಬೆಳಕು, ಎಷ್ಟು ವೇಗ, ಯಾವ ತಿರುಗಣಿ ಎಂದು ಲೆಕ್ಕ ಹಾಕುವಷ್ಟರಲ್ಲಿ ಹಕ್ಕಿ ಹಾರಿ ಹೋಗಿ ಗೂಡು ಕಟ್ಟಿ ಮೊಟ್ಟೆ ಇಟ್ಟಿರುತ್ತಿತ್ತು. ಈ ಚಿಕ್ಕದು ಏನನ್ನೂ ಕೇಳುತ್ತಿರಲಿಲ್ಲ. ಹತ್ತಿರದ ಫೋಟೋ ಬೇಕೆಂದರೆ ಕಾಲಿನಿಂದ ಎರಡು ಹೆಜ್ಜೆ ಹತ್ತಿರ ಹೋದರಾಯಿತು. ಹೂವಿನ ಗುರುತಿಗೆ ಇಟ್ಟರೆ ದಾಸವಾಳದ ಮೇಲಿನ ಇರುವೆಯ ಮೀಸೆ ಬರುತ್ತಿತ್ತು. ರಾಟೆಯಲ್ಲಿ ಸುತ್ತುವ ರೇಷ್ಮೆ ಎಳೆಯ ಮೇಲೆ ಬೆಳಗಿನ ಬಿಸಿಲು, ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ ಕಂಡಕ್ಟರು, ಹಾಲಿನ ಕ್ಯಾನಿನ ಮೇಲೆ ಕೂತು ಜಗಳವಾಡುವ ಮುದುಕರು, ಎಲ್ಲ ಬಂದವು. ಬಂದವು ಎಂದರೆ ತಲೆ, ಕಾಲು ಎಲ್ಲ ಸಮೇತ ಬಂದವು! ಎಲ್ಲಕ್ಕಿಂತ ದೊಡ್ಡ ಸುಖವೆಂದರೆ ಅವನನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. ದೊಡ್ಡ ಕ್ಯಾಮೆರಾ ಕಂಡರೆ ಜನ ಕೈಕಟ್ಟಿ ಉಸಿರು ಹಿಡಿದು ನಿಲ್ಲುತ್ತಿದ್ದರು. ಇದನ್ನು ಕಂಡರೆ ಮಾತು ಮುಂದುವರಿಸುತ್ತಿದ್ದರು.

ಆ ಹೊತ್ತಿಗೆ ಶಿಲ್ಪ ಬಸುರಿಯಾಗಿ ಸೀಮಂತ ಗೊತ್ತಾಯಿತು. ತವರಿನಲ್ಲಿ, ಅಂದರೆ ನಂದಗುಡಿಯಲ್ಲಿ. ಮಾವ ಫೋನು ಮಾಡಿ ಕರೆದವರು ಕೊನೆಯಲ್ಲಿ ಬಹಳ ನಯವಾಗಿ, "ಅಳಿಯಂದ್ರೆ, ಫೋಟೋಗೆ ಕೆಂಪರಾಜು ಸ್ಟುಡಿಯೋಗೆ ಹೇಳ್ಬಿಡೋಣ ಅಂತ. ಡ್ರೋನೂ ತರ್ತಾನಂತೆ. ನೀವು ಆರಾಮಾಗಿ ಬಂದು ಊಟ ಮಾಡ್ಕೊಂಡು ಹೋಗಿ" ಎಂದರು.

ಮಾತಿನ ಮರ್ಮ ಭಾನುಪ್ರಕಾಶನ ಎದೆಗೆ ನೇರವಾಗಿ ನಾಟಿತು. ಅಷ್ಟರಲ್ಲಿ ಆ ಕಡೆ ಶಿಲ್ಪ ಅಪ್ಪನಿಂದ ಫೋನು ಕಿತ್ತುಕೊಂಡಳು.

"ಕೆಂಪರಾಜು ಬೇಡ! ಭಾವಾನೇ ತೆಗೀಲಿ. ಭಾವ, ಹೋದ ತಿಂಗ್ಳು ನಾನು ಮಾವಿನಕಾಯಿ ತಿಂತಾ ನಗ್ತಿದ್ದಾಗ ನಿಮ್ಮ ಚಿಕ್ಕ ಕ್ಯಾಮ್ರಾದಲ್ಲಿ ತೆಗೆದ್ರಲ್ಲ, ಹಂಗೆ ತೆಗೀರಿ. ನನ್ ಮದ್ವೆ ಆಲ್ಬಮ್ ನೋಡಿದೀರಲ್ಲ, ಒಂದೊಂದ್ರಲ್ಲೂ ಪೊಲೀಸ್ನೋರು ಹಿಡ್ಕೊಂಡ್ ಬಂದಂಗಿದೀನಿ. ಮಗು ದೊಡ್ಡದಾಗಿ ನೋಡ್ದಾಗ, ನಮ್ಮಮ್ಮ ನಗ್ತಿದ್ಳು ಅಂತ ಗೊತ್ತಾಗ್ಲಿ."

ಆ ಹುಡುಗಿಯ ಮಾತಿಗೆ ಭಾನುಪ್ರಕಾಶ ಉಬ್ಬಿಹೋದ. ಇಷ್ಟು ದಿನದಲ್ಲಿ ಅವನ ಫೋಟೋ ಬೇಕೆಂದು ಕೇಳಿದವಳು ಅವಳೊಬ್ಬಳೇ. ಆವೇಶದಲ್ಲಿ ಅವನು ಪ್ರತಿಜ್ಞೆಯನ್ನೇ ಮಾಡಿಬಿಟ್ಟ. "ಮಾವ, ಈ ಸಲ ಏನಾದ್ರೂ ಕೆಟ್ರೆ, ಇನ್ನು ಈ ಜನ್ಮದಲ್ಲಿ ನಿಮ್ಮ ಮನೇಲಿ ಕ್ಯಾಮ್ರಾ ಮುಟ್ಟಲ್ಲ!"

"ಮಾತು ಅಂದ್ರೆ ಮಾತು" ಎಂದರು ಮಾವ, ತುಸು ಹೆಚ್ಚೇ ಉತ್ಸಾಹದಿಂದ. ಹಿಂದೆಯೇ ಮುರಳಿಯ ದನಿ ಕೇಳಿಸಿತು. "ಕೆಂಪರಾಜು ನಂಬರ್ ನಾನು ಇಟ್ಕೊಂಡಿರ್ತೀನಿ ಮಾವ, ಸ್ಟ್ಯಾಂಡ್‌ಬೈಗೆ."

ಸೀಮಂತದ ದಿನ ಅಂಗಳದ ಷಾಮಿಯಾನದಡಿ ಶಿಲ್ಪ ಹಸಿರು ರೇಷ್ಮೆ ಸೀರೆ, ಮೊಗ್ಗಿನ ಜಡೆ, ಮೊಣಕೈವರೆಗೆ ಹಸಿರು ಬಳೆಯಲ್ಲಿ ಕೂತಿದ್ದಳು. ಭಾನುಪ್ರಕಾಶ ಜೇಬಿನಿಂದ ಪುಟ್ಟದನ್ನು ತೆಗೆದು, ಅತ್ತ ಇತ್ತ ಸುಳಿದಾಡುತ್ತ ಬಳೆ ತೊಡಿಸಿದ್ದು, ಅರಿಸಿನ ಹಚ್ಚಿದ್ದು, ಮಡಿಲಕ್ಕಿ ಹಾಕಿದ್ದು ಎಲ್ಲವನ್ನೂ ತೆಗೆದ. ಎಲ್ಲ ಸುಸೂತ್ರ. ಇನ್ನು ಉಡುಗೊರೆ ಕೊಡುವುದೊಂದು ಆದರೆ ಊಟ. ಸರದಿಯ ಮುಂದೆ ನಿಂತಿದ್ದವರು ಮುನಿವೆಂಕಟಮ್ಮ.

ಮುನಿವೆಂಕಟಮ್ಮನೆಂದರೆ ಮಾವ ವೆಂಕಟರಮಣಪ್ಪನವರ ಅಕ್ಕ. ಆವತಿಗೆ ಮದುವೆಯಾಗಿ ಹೋದವರು. ಆ ಮನೆತನದ ಸರ್ವೋಚ್ಚ ನ್ಯಾಯಾಲಯ. ಶಿಲ್ಪಳ ಮದುವೆಯಲ್ಲಿ ಅವರು ಕೊಟ್ಟ ಸ್ಟೀಲು ಹಂಡೆ ಹೇಗೋ ಫೋಟೋದಲ್ಲಿ ಬಂದಿರಲಿಲ್ಲ. ಆರು ತಿಂಗಳ ಮೇಲೆ ಯಾರೋ ಆ ಹಂಡೆ ಬೇರೆಯವರು ಕೊಟ್ಟದ್ದೆಂದುಬಿಟ್ಟರು. ಆ ಅವಮಾನವನ್ನು ಅವರು ಇನ್ನೂ ಮರೆತಿರಲಿಲ್ಲ. ಈ ಸಲ ದೊಡ್ಡದೊಂದು ಸ್ಟೀಲು ಕೊಳಗದ ಮೇಲೆ "ಮುನಿವೆಂಕಟಮ್ಮ, ಆವತಿ, ಪ್ರೀತಿಯ ಕಾಣಿಕೆ" ಎಂದು ಮಾರುದೂರಕ್ಕೆ ಕಾಣುವಂತೆ ಕೆತ್ತಿಸಿಕೊಂಡು ಬಂದಿದ್ದರು. ಕೆತ್ತಿದ ಕಡೆಯನ್ನು ಮುಂದಕ್ಕೆ ತಿರುಗಿಸಿ, ಕೊಳಗದ ಒಂದು ಕಿವಿ ತಾವು ಹಿಡಿದು ಇನ್ನೊಂದನ್ನು ಶಿಲ್ಪಳ ಕೈಗೆ ಕೊಟ್ಟು, ಬಾಯಿ ಬಿಗಿದು, ಎದುರಿಗೆ ನೋಡುತ್ತ ನಿಂತರು.

"ತೆಗಿಯಪ್ಪಾ."

"ತೆಗ್ದೆ ದೊಡ್ಡಮ್ಮ."

"ಯಾವಾಗ ತೆಗ್ದೆ? ನಾನಿನ್ನೂ ಮಕ ಸರಿ ಮಾಡ್ಕಂಡೇ ಇಲ್ಲ."

"ಅದಕ್ಕೇ ಚೆನ್ನಾಗಿ ಬಂದಿರೋದು."

"ಯಾತ್ರಾಗೆ ತೆಗ್ದೆ, ತೋರ್ಸು."

ತೋರಿಸಿದ. ಮುನಿವೆಂಕಟಮ್ಮ ಅದನ್ನು ಮೇಲಿಂದ ಕೆಳಕ್ಕೆ ನೋಡಿದರು. (ಹೆಚ್ಚು ಹೊತ್ತು ಹಿಡಿಯಲಿಲ್ಲ, ಮೇಲಕ್ಕೂ ಕೆಳಕ್ಕೂ ದೂರವೇ ಇರಲಿಲ್ಲ.)

"ಇದು ಸುಣ್ಣದ ಡಬ್ಬಿ ಅಲ್ವೇನಪ್ಪಾ?"

"ಕ್ಯಾಮ್ರಾ ದೊಡ್ಡಮ್ಮ! ನೋಡಿ ಇಲ್ಲಿ, ನೀವೇ ಇದೀರಲ್ಲ."

"ಅದ್ರಾಗೆ ನಾನು ಇರುವೆ ಗಾತ್ರ ಇವ್ನಿ. ಹೆಸ್ರು ಎಲ್ಲೈತೆ? ಕೊಳಗಾನೇ ಕಾಣ್ಸಾಕಿಲ್ಲ. ಲೇ ವೆಂಕಟ್ರಮಣ, ಫೋಟೋದೋನ್ನ ಕರ್ಸೋ. ಅಲ್ಲೀಗಂಟ ನಾನು ಕೊಳಗ ಬಿಡಾಕಿಲ್ಲ!"

ಬಿಡಲಿಲ್ಲ. ಒಂದು ಕಿವಿ ಅವರ ಕೈಯಲ್ಲಿ, ಇನ್ನೊಂದು ಬಸುರಿ ಶಿಲ್ಪಳ ಕೈಯಲ್ಲಿ, ನಡುವೆ ಕೊಳಗ. ಹಿಂದೆ ಸೀರೆ, ಬೆಳ್ಳಿ ಬಟ್ಟಲು, ಮಿಕ್ಸಿ ಹಿಡಿದ ಹೆಂಗಸರ ಸಾಲು ಬೀದಿಯವರೆಗೆ ಬೆಳೆಯಿತು. ದೊಡ್ಡ ಕ್ಯಾಮೆರಾ ಬರದೆ ತಾವೂ ಕೊಡುವುದಿಲ್ಲವೆಂದು ಒಬ್ಬೊಬ್ಬರೂ ಉಡುಗೊರೆಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ಅಡುಗೆಯವನು ಬಂದು, "ಎಲೆ ಹಾಕೈತೆ, ಒಬ್ಬಟ್ಟು ಆರೋಗ್ತದೆ" ಎಂದು ಕೂಗಿ ಹೋದ. ಶಿಲ್ಪ ಬಿಗಿದ ನಗೆಯ ಒಳಗಿಂದಲೇ, "ಭಾವ, ಏನಾದ್ರೂ ಮಾಡಿ, ಕೈ ಸೋಲ್ತಿದೆ" ಎಂದು ಪಿಸುಗುಟ್ಟಿದಳು. ಅವಳ ಮುಖ ಮದುವೆಯ ಆಲ್ಬಮ್ಮಿನ ಮುಖವೇ ಆಗಿಹೋಗಿತ್ತು.

"ಹಾಕ್ಲಾ ಮಾವ ಫೋನು?" ಎಂದ ಮುರಳಿ. ಬೆರಳು ಕೆಂಪರಾಜುವಿನ ನಂಬರಿನ ಮೇಲೆಯೇ ಇತ್ತು.

ಮಾವ ಅಳಿಯನ ಕಡೆ ನೋಡಿದರು. ಅಳಿಯ ನೆಲದ ಕಡೆ ನೋಡಿದ. ಪ್ರತಿಜ್ಞೆ ಅವನ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಜೇಬಿನ ತುಂಬ ಚಿನ್ನದಂಥ ಫೋಟೋಗಳಿದ್ದರೂ ಫೋಟೋ ತೆಗೆದಿಲ್ಲವೆಂದು ತೀರ್ಪಾಗುವ ಹೊತ್ತು. ಆಗ ಮಮತ ಬಂದು ಕೈ ಚಾಚಿದಳು.

"ಕಾರ್ ಕೀ ಕೊಡ್ರೀ."

"ಯಾಕೆ, ಮನೆಗೆ ಹೋಗೋಣ್ವಾ?" ಎಂದ ಆಸೆಯಿಂದ.

"ಕೊಡ್ರೀ ಅಂದ್ರೆ!"

ಎರಡು ನಿಮಿಷದಲ್ಲಿ ಅವಳು ಡಿಕ್ಕಿಯಿಂದ ಆ ಮಹಾ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡು, ಉದ್ದ ಲೆನ್ಸನ್ನು ಆನೆಯ ಸೊಂಡಿಲಿನಂತೆ ಮುಂದಕ್ಕೆ ಚಾಚಿಕೊಂಡು ಬರುತ್ತಿದ್ದಳು. ಜನ ದಾರಿ ಬಿಟ್ಟರು. ಯಾರೋ ಎದ್ದು ನಿಂತರು.

"ಬ್ಯಾಟ್ರಿ ಇಲ್ವಲ್ಲೇ ಅದ್ರಲ್ಲಿ!" ಎಂದು ಭಾನುಪ್ರಕಾಶ ಅವಳ ಕಿವಿಯಲ್ಲಿ ಉಸುರಿದ.

"ಅತ್ತೇಗೆ ಗೊತ್ತಾ?"

"ಮುಚ್ಚಳ ಆದ್ರೂ ತೆಗಿಯೇ!"

ಮುಚ್ಚಳ ತೆಗೆದು, ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ಮಮತ ಒಂದು ಮಂಡಿ ಬಗ್ಗಿಸಿದಳು. ಆ ಗತ್ತನ್ನು ಎಲ್ಲಿ ಕಲಿತಳೋ! "ಅತ್ತೆ, ಗಲ್ಲ ಒಂಚೂರು ಮೇಲೆ. ಕೊಳಗ ಈ ಕಡೆ. ಹಾಂ, 'ಆವತಿ' ಕಾಣ್ತಿದೆ. ಅಲ್ಲಾಡ್ಬೇಡಿ." ಅತ್ತೆ ಅಲ್ಲಾಡಲಿಲ್ಲ. ಷಾಮಿಯಾನದಲ್ಲಿ ಯಾರೂ ಅಲ್ಲಾಡಲಿಲ್ಲ. ಮಮತ ಗುಂಡಿ ಒತ್ತುವಂತೆ ಮಾಡಿ, ಲೆನ್ಸಿನ ಮರೆಯಲ್ಲಿ ನಾಲಿಗೆಯನ್ನು ಅಂಗುಳಕ್ಕೆ ಹೊಡೆದು, ಟಕ್ ಎಂದಳು.

ಟಕ್ ಎಂದದ್ದೇ ಮುನಿವೆಂಕಟಮ್ಮನ ಬಿಗಿದ ಬಾಯಿ ಸಡಿಲವಾಯಿತು. ಕೊಳಗವನ್ನು ಶಿಲ್ಪಳ ಮಡಿಲಿಗಿಟ್ಟು, ಸೆರಗಿನಿಂದ ಬೆವರು ಒರೆಸಿಕೊಂಡು, "ಉಸ್ಸಪ್ಪಾ, ಇದ್ರಾಗೆ ಮೊಮ್ಮಗೂಗೆ ಸ್ನಾನ ಮಾಡ್ಸವ್ವಾ, ಒಂದಲ್ಲ ಎರಡು ಹುಟ್ಟಿದ್ರೂ ಹಿಡಿತವೆ" ಎಂದು ಅವಳ ಕೆನ್ನೆ ಹಿಂಡಿದರು. ಶಿಲ್ಪ ತಡೆಯಲಾರದೆ, ತಲೆ ಹಿಂದಕ್ಕೆ ಚೆಲ್ಲಿ, ಬಳೆಗಳೆಲ್ಲ ಘಲ್ಲೆನ್ನುವಂತೆ ನಕ್ಕಳು. ಪಕ್ಕದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಭಾನುಪ್ರಕಾಶನ ಕೈ ಅವನಿಗೇ ತಿಳಿಯದಂತೆ ಮೇಲೆದ್ದಿತು. ಕೀಂಯ್. ಕ್ಲಿಕ್.

ಕ್ಯಾಮೆರಾದ ಪುಟ್ಟ ಪರದೆಯನ್ನು ನೋಡಿದ, ಮತ್ತೆ ನೋಡಿದ. ಅಂಥ ಫೋಟೋವನ್ನು ಅವನು ಬಾಳಿನಲ್ಲಿ ತೆಗೆದಿರಲಿಲ್ಲ.

ಆಮೇಲಿನದು ಹಬ್ಬ. ಒಬ್ಬೊಬ್ಬರೂ ಬಂದು ಮಮತಳ ಸೊಂಡಿಲಿನ ಮುಂದೆ ಕಲ್ಲಾಗುವುದು, ಮಮತ ಟಕ್ ಎನ್ನುವುದು, ಅವರು ನಿಟ್ಟುಸಿರು ಬಿಟ್ಟು ಮತ್ತೆ ಮಾತು, ನಗು, ಕೀಟಲೆಗೆ ಇಳಿಯುವುದು, ಇತ್ತ ಪಕ್ಕದಿಂದ ಇವನು ಕ್ಲಿಕ್ ಅನ್ನಿಸುವುದು. ಗಂಡಹೆಂಡಿರ ಈ ಹೊಂದಾಣಿಕೆ ಅವರ ಸಂಸಾರದ ಇತಿಹಾಸದಲ್ಲೇ ಮೊದಲು. ಮಮತಳಂತೂ ಪಾತ್ರದೊಳಗೆ ಎಷ್ಟು ಇಳಿದಿದ್ದಳೆಂದರೆ, "ಬೆಳಕು ಸಾಲ್ದು, ಆ ಷಾಮಿಯಾನದ ಪರದೆ ಎತ್ರೀ" ಎಂದು ಮುರಳಿಯನ್ನೇ ಕೆಲಸಕ್ಕೆ ಹಚ್ಚಿದಳು. ಮುರಳಿ ಫೋನು ಜೇಬಿಗೆ ಸೇರಿಸಿ, ಉಳಿದಷ್ಟು ಹೊತ್ತೂ ಪರದೆ ಎತ್ತಿ ಹಿಡಿದು ನಿಂತಿದ್ದ. ಭಾನುಪ್ರಕಾಶ ಆ ಪರದೆ ಎತ್ತಿದವನದ್ದೂ ಒಂದು ತೆಗೆದ, ಬಹಳ ಹತ್ತಿರದಿಂದ.

ಆಲ್ಬಮ್ ಸಿದ್ಧವಾದ ಮೇಲೆ ಒಂದು ಭಾನುವಾರ ಅದನ್ನು ಹೊತ್ತು ಇಬ್ಬರೂ ನಂದಗುಡಿಗೆ ಹೋದರು. ಹೋಗುವ ದಾರಿಯಲ್ಲಿ ಭಾನುಪ್ರಕಾಶ ಕನ್ನಡಿಯಲ್ಲಿ ವಿನಯದ ಮುಖವೊಂದನ್ನು ಅಭ್ಯಾಸ ಮಾಡಿಕೊಂಡ. ಎಲ್ಲರೂ ಹೊಗಳುವಾಗ "ಅಯ್ಯೋ, ನಂದೇನಿದೆ" ಎನ್ನುವ ಮುಖ. ಮುನಿವೆಂಕಟಮ್ಮನೂ ಕನ್ನಡಕ ಸಮೇತ ಬಂದಿದ್ದರು. ಹಜಾರದಲ್ಲಿ ಚಾಪೆ ಹಾಸಿ, ಆಲ್ಬಮ್ಮನ್ನು ನಡುವೆಯಿಟ್ಟು ಎಲ್ಲ ಸುತ್ತ ಕೂತರು.

ಮೊದಲ ಹಾಳೆಯಲ್ಲೇ ಶಿಲ್ಪಳ ಆ ನಗು. ಹೆರಿಗೆಗೆ ವಾರವಷ್ಟೇ ಉಳಿದಿದ್ದ ಶಿಲ್ಪ ಅದನ್ನು ಎಷ್ಟೋ ಹೊತ್ತು ನೋಡಿದಳು. ಕಣ್ಣು ತುಂಬಿಬಂತು. "ಇದು ನಾನೇನಾ!" ಎಂದಳು. ಭಾನುಪ್ರಕಾಶನಿಗೆ ಅಷ್ಟೇ ಸಾಕಿತ್ತು. ಆದರೂ ಅಭ್ಯಾಸ ಮಾಡಿದ ಮುಖ ವ್ಯರ್ಥವಾಗಬಾರದೆಂದು ಅದನ್ನು ಹಾಕಿಕೊಂಡು ಕಾದ.

"ಎಂಗ್ ತೆಗ್ದೌಳೆ ನೋಡ್ರೋ ನಮ್ಮ ಮಮ್ತ!" ಎಂದರು ಮುನಿವೆಂಕಟಮ್ಮ. "ನನ್ನ ಮಕ ಇಂಗೈತೆ ಅಂತ ನಂಗೇ ಗೊತ್ತಿರ್ಲಿಲ್ಲ. ಲೇ ವೆಂಕಟ್ರಮಣ, ನಿನ್ ಮಗ್ಳಿಗೆ ಕೈಯಾಗೆ ಕಲೆ ಐತೆ ಕಣೋ!"

"ನಮ್ ಅಪ್ಪನೂ ಭಾಗವತರಾಗಿದ್ರಲ್ಲ, ರಕ್ತದಲ್ಲೇ ಬಂದಿದೆ" ಎಂದರು ಮಾವ, ಕಣ್ಣೊರೆಸಿಕೊಂಡು.

ಭಾನುಪ್ರಕಾಶನ ವಿನಯದ ಮುಖ ನೋಡುವವರಿಲ್ಲದೆ ಬಾಡಿತು. ಅವನು ಹೆಂಡತಿಯ ಕಡೆ ನೋಡಿದ. ಮಮತ ನಿಜ ಹೇಳಲೆಂದು ಬಾಯಿ ತೆರೆದದ್ದು ಹೌದು. ಆದರೆ ತವರು ಮನೆಯ ಹಜಾರ, ಸುತ್ತ ಅಪ್ಪ, ಅತ್ತೆ, ತಂಗಿ, ಅಂಥಲ್ಲಿ ಬಂದ ಹೊಗಳಿಕೆಯನ್ನು ಯಾವ ಹೆಣ್ಣುಮಗಳು ತಾನೇ ಒದ್ದು ಓಡಿಸಿಯಾಳು? "ಇವ್ರೂ ಸ್ವಲ್ಪ ಸಹಾಯ ಮಾಡಿದ್ರು ಅತ್ತೆ" ಎಂದಳು.

"ಸಹಾಯ!" ಭಾನುಪ್ರಕಾಶ ಚಾಪೆಯಿಂದ ಎದ್ದೇಬಿಟ್ಟ. "ದೊಡ್ಡಮ್ಮ, ಅದರಲ್ಲಿ ಬ್ಯಾಟ್ರಿನೇ ಇರ್ಲಿಲ್ಲ! ಅವ್ಳು ಬಾಯಲ್ಲಿ ಟಕ್ ಅಂದಿದ್ದು! ಇದೆಲ್ಲ ನಾನು ತೆಗ್ದಿರೋದು, ಈ ಚಿಕ್ಕದ್ರಲ್ಲಿ!"

"ಬಾಯಾಗೆ ಟಕ್ ಅಂದ್ರೆ ಇಷ್ಟ್ ದೊಡ್ಡ ಫೋಟೋ ಬತ್ತದಾ?" ಎಂದರು ಮುನಿವೆಂಕಟಮ್ಮ ಮರುಕದಿಂದ. "ಹೆಂಡ್ರು ಮುಂದಕ್ಕೆ ಬಂದ್ರೆ ಹಿಂಗೆಲ್ಲ ಸಂಕಟ ಪಡಬಾರ್ದು ಕಣಪ್ಪಾ."

ಭಾನುಪ್ರಕಾಶ ಕಟ್ಟಕಡೆಯ ಅಸ್ತ್ರ ತೆಗೆದ. ಆಲ್ಬಮ್ ತಿರುವಿ, ಪರದೆ ಎತ್ತಿದ ಮುರಳಿಯ ಪಕ್ಕ ಮಂಡಿ ಬಗ್ಗಿಸಿ ನಿಂತ ಮಮತಳನ್ನು ಬೆರಳಿಟ್ಟು ತೋರಿಸಿದ. "ನೋಡಿ! ಇಲ್ಲಿ ಮಮತ ಇದಾಳೆ. ಕ್ಯಾಮ್ರಾ ಹಿಡ್ಕೊಂಡು ಇದಾಳೆ. ಇಲ್ಲೂ ಇದಾಳೆ, ಇಲ್ಲೂ ಇದಾಳೆ. ಅವ್ಳೇ ತೆಗ್ದಿದ್ರೆ ಅವ್ಳು ಫೋಟೋದೊಳಗೆ ಹೆಂಗೆ ಬಂದ್ಳು?"

ಸತ್ಯ ಗೆದ್ದಿತೆಂದು ಭಾನುಪ್ರಕಾಶ ಉಸಿರು ಬಿಟ್ಟ. ಮುನಿವೆಂಕಟಮ್ಮ ಕನ್ನಡಕ ಸರಿಮಾಡಿಕೊಂಡು ಫೋಟೋ ನೋಡಿದರು. ಆಮೇಲೆ ಅವನನ್ನು ನೋಡಿದರು.

"ನಮ್ಮೂರ ಹೈಕ್ಳು ಅಂಗೈಯಗಲದ ಮೊಬೈಲ್ನಾಗೆ ತಮ್ ಫೋಟೋ ತಾವೇ ತಗಂತವೆ. ಅಷ್ಟುದ್ದ ಸೊಂಡ್ಲು ಇರೋ ಕ್ಯಾಮ್ರಾದಾಗೆ ಬರಾಕಿಲ್ವಾ? ಸೆಲ್ಪಿ ಅಂತಾರೆ ಕಣಪ್ಪಾ ಅದ್ಕೆ. ನಿಂಗೆ ಅಷ್ಟೂ ಗೊತ್ತಿಲ್ವಾ?"

ಶಿಲ್ಪಳಿಗೆ ನಿಜವೆಲ್ಲ ಗೊತ್ತಿತ್ತು. ಸಾಕ್ಷಿ ಹೇಳಬೇಕಾದವಳು ಅವಳೇ. ಆದರೆ ಅವಳು ಆಗಲೇ ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಮಾತು ಹೊರಡದಷ್ಟು ನಗುತ್ತಿದ್ದಳು. "ನಗ್ಬೇಡ್ವೇ, ಇಲ್ಲೇ ನೋವು ಬಂದ್ಬಿಟ್ಟೀತು!" ಎಂದು ಮಮತ ಅವಳನ್ನು ಹಿಡಿದುಕೊಂಡು ತಾನೂ ನಗತೊಡಗಿದಳು.

ಮುನಿವೆಂಕಟಮ್ಮ ಮಾತ್ರ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ, ಮತ್ತೆ ಕೊನೆಯಿಂದ ಮೊದಲವರೆಗೆ ತಿರುವಿ ಹಾಕುತ್ತಿದ್ದರು. ಹುಬ್ಬು ಗಂಟಿಕ್ಕಿತು.

"ಅಲ್ಲ ಕಣಪ್ಪಾ, ಎಲ್ರೂ ಅವ್ರೆ. ಅಡ್ಗೆಯೋನೂ ಅವ್ನೆ, ಬೀದಿ ನಾಯೀನೂ ಐತೆ. ನೀನು ಒಂದ್ರಾಗೂ ಇಲ್ಲ! ಸೀಮಂತಕ್ಕೆ ಬರ್ದೇ ಇರೋನು ಬಂದು, ತೆಗ್ದೋನು ನಾನು ಅಂತೀಯಲ್ಲ, ನಾಚ್ಕೆ ಆಗಾಕಿಲ್ವಾ?"

ವೆಂಕಟರಮಣಪ್ಪನವರು ಆಲ್ಬಮ್ಮನ್ನು ಕೈಗೆ ತೆಗೆದುಕೊಂಡು ಒಂದೊಂದೇ ಹಾಳೆ ನೋಡಿದರು. ಎಲ್ಲೂ ಇಲ್ಲ. ಅವರ ಮುಖ ಚಿಕ್ಕದಾಯಿತು. "ಅಳಿಯಂದ್ರೆ, ಬರೋಕಾಗ್ದಿದ್ರೆ ಒಂದ್ ಮಾತು ಹೇಳ್ಬಹುದಿತ್ತು. ನಾವೇನು ತಪ್ಪು ತಿಳ್ಕೋತಿದ್ವಾ?"

"ಹೌದಣ್ಣ, ಆವತ್ತು ನಾನೂ ಹುಡುಕ್ದೆ" ಎಂದ ಮುರಳಿ, ಮಹಾ ಗಂಭೀರವಾಗಿ.

ಶಿಲ್ಪಳ ಕಣ್ಣಲ್ಲಿ ನಗೆಯ ನೀರು ಹರಿಯುತ್ತಿತ್ತು. ಮಮತ ತಂಗಿಯ ಹೆಗಲ ಮೇಲೆ ತಲೆಯಿಟ್ಟು ಅಲುಗುತ್ತಿದ್ದಳು. ಮುನಿವೆಂಕಟಮ್ಮ ಬೆರಳೆತ್ತಿ ನ್ಯಾಯ ಹೇಳುತ್ತಿದ್ದರು. ಕಿಟಕಿಯಿಂದ ಬಿದ್ದ ಬಿಸಿಲು ಮೂವರ ಮುಖದ ಮೇಲೂ ಸರಿಯಾಗಿ ಬಿದ್ದಿತ್ತು. ಇಂಥ ಬೆಳಕು ಮತ್ತೆ ಸಿಗುವುದಿಲ್ಲ. ವಾದವನ್ನು ಅಲ್ಲಿಗೇ ಬಿಟ್ಟು ಭಾನುಪ್ರಕಾಶ ಜೇಬಿಗೆ ಕೈ ಹಾಕಿದ. ಝೀ. ಕೀಂಯ್. ಕ್ಲಿಕ್.

ಈಗ ಆ ಫೋಟೋ ನಂದಗುಡಿಯ ಹಜಾರದಲ್ಲಿ ದೊಡ್ಡ ಫ್ರೇಮಿನಲ್ಲಿದೆ. ಆಲ್ಬಮ್ ನೋಡಿದ ದಿನ ಯಾರ್ಯಾರು ಬಂದಿದ್ದರೆಂದು ಕೇಳಿದರೆ ಮುನಿವೆಂಕಟಮ್ಮ ಅದರ ಮುಂದೆ ನಿಂತು ಬೆರಳಿಟ್ಟು ಒಬ್ಬೊಬ್ಬರನ್ನೇ ತೋರಿಸುತ್ತಾರೆ. ಅಳಿಯ ಆವತ್ತೂ ಬಂದಿರಲಿಲ್ಲ.